ಬೆಳಿಗ್ಗೆ ಪಿಎಚ್ ಏರಿದರೆ ಮೀಟರನ್ನು ಬೈಯಬೇಡಿ

ಮಣ್ಣಿಲ್ಲದೆ ಪೋಷಕ ಬೆರೆಸಿದ ನೀರಿನಲ್ಲೇ ಸೊಪ್ಪು ಬೆಳೆಯುವ (ಹೈಡ್ರೋಪೋನಿಕ್ಸ್) ತೊಟ್ಟಿಯ ಪಿಎಚ್ (ನೀರಿನ ಆಮ್ಲೀಯತೆಯ ಅಂಕಿ, ಇಳಿದಷ್ಟೂ ಆಮ್ಲೀಯತೆ ಹೆಚ್ಚು) ರಾತ್ರಿ ಫಾಸ್ಫಾರಿಕ್ ಆಮ್ಲ ಹಾಕಿ 5.8ಕ್ಕೆ ಇಳಿಸಿದರೂ ಬೆಳಿಗ್ಗೆ ಮೀಟರ್ 7.4 ತೋರಿಸುತ್ತಿದೆ, ಮೂರು ದಿನಗಳಿಂದ ಇದೇ ಕಥೆ, ಹೊಸ ಮೀಟರ್ ಕೊಳ್ಳಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ನಾನು ಕೊಂಡಿದ್ದೆ. ಎರಡನೆಯದೂ ಅದೇ ಅಂಕಿ ತೋರಿಸಿದಾಗ ಸಿಟ್ಟು ಬಂದು ಒಮ್ಮೆಲೇ ಎರಡರಷ್ಟು ಆಮ್ಲ ಸುರಿದೆ. ಪಿಎಚ್ 3.9ಕ್ಕೆ ಬಿತ್ತು. ಲೆಟ್ಯೂಸಿನ ಬೇರುಗಳೆಲ್ಲ ಕಂದುಬಣ್ಣಕ್ಕೆ ತಿರುಗಿ ಲೋಳೆಗಟ್ಟಿದವು, ಒಂದು ಗಿಡವೂ ಉಳಿಯಲಿಲ್ಲ.

ನಿಮ್ಮ ಎದುರಾಳಿ ನೀರಿನಲ್ಲಿರುವ ಬೈಕಾರ್ಬನೇಟ್. ಆಮ್ಲದ ಹೈಡ್ರೋಜನ್ ಅಯಾನನ್ನು ನುಂಗಿ ಅದು ಕಾರ್ಬೋನಿಕ್ ಆಮ್ಲವಾಗುತ್ತದೆ. ಆ ಹೊತ್ತಿಗೆ ಪಿಎಚ್ ಇಳಿದಿರುತ್ತದೆ, ನೀವು ಸಮಾಧಾನದಿಂದ ಮಲಗುತ್ತೀರಿ. ಏರ್ ಪಂಪ್ ರಾತ್ರಿಯಿಡೀ ಇಂಗಾಲದ ಡೈಆಕ್ಸೈಡನ್ನು ಹೊರಗೆ ಹಾಕುತ್ತದೆ, ಉಳಿದ ಬೈಕಾರ್ಬನೇಟ್ ಪಿಎಚ್ ಅನ್ನು ಮತ್ತೆ ಮೇಲೆತ್ತುತ್ತದೆ. ಅದೂ ಮುಗಿದ ದಿನ ಪಿಎಚ್ ಕುಸಿಯುವುದನ್ನು ತಡೆಯುವವರಿಲ್ಲ. ಒಂದು ಅಂಕ ಇಳಿದರೆ ಹೈಡ್ರೋಜನ್ ಅಯಾನು ಹತ್ತು ಪಟ್ಟು ಎಂಬುದನ್ನು ನಾನು ಮರೆತದ್ದು ಅಲ್ಲೇ.

ಆದ್ದರಿಂದ ಮೊದಲು ಕ್ಷಾರೀಯತೆ, ಅಂದರೆ ನೀರು ಎಷ್ಟು ಆಮ್ಲ ನುಂಗಬಲ್ಲದು ಎಂಬುದನ್ನು, ಅಳೆಯಿರಿ. ಅಕ್ವೇರಿಯಂನವರು ಬಳಸುವ ಎಪಿಐ ಕಂಪನಿಯ ಕೆಎಚ್ (ಕಾರ್ಬನೇಟ್ ಗಡಸುತನ) ಕಿಟ್ ಧಾರಾಳವಾಗಿ ಸಾಕು. ನನ್ನ ಮಟ್ಟಿಗೆ ಅದು ಎರಡನೇ ಮೀಟರಿಗಿಂತ ಉಪಯುಕ್ತ. ಕಿಟ್ಟಿನ ದ್ರಾವಣವನ್ನು ನೀರಿಗೆ ಹನಿಸುತ್ತಾ, ನೀಲಿ ಬಣ್ಣ ಹಳದಿಯಾಗುವವರೆಗೆ ಹನಿ ಎಣಿಸಿ. 11 ಹನಿ ಎಂದರೆ ಲೀಟರಿಗೆ ಸುಮಾರು 200 ಮಿಲಿಗ್ರಾಂ, ಕ್ಯಾಲ್ಸಿಯಂ ಕಾರ್ಬನೇಟ್ ಲೆಕ್ಕದಲ್ಲಿ. ಅಂಥ 100 ಲೀಟರ್ ನೀರಿಗೆ ಶೇ 85ರ ಫಾಸ್ಫಾರಿಕ್ ಆಮ್ಲ ಸುಮಾರು 27 ಮಿಲಿಲೀಟರ್ ಬೇಕಾಗುತ್ತದೆ. ಬರಿಯ ನೀರಿಗೇ, ಪೋಷಕ ಬೆರೆಸುವ ಮೊದಲು, 20 ಮಿಲಿಲೀಟರ್ ಹಾಕಿ ರಾತ್ರಿಯಿಡೀ ಗಾಳಿಯಾಡಿಸಿ. ಉಳಿದದ್ದು ಬೆಳಿಗ್ಗೆ, ಅಳೆಯುತ್ತಾ, ಹನಿಹನಿಯಾಗಿ. ಹಾಕಿದ ಐದೇ ನಿಮಿಷಕ್ಕೆ ಓದಿದ ಅಂಕಿಯನ್ನು ನಂಬುವವರಿಗೆ ಏನು ಹೇಳುವುದು?

ಇಲ್ಲೊಂದು ತೊಡಕಿದೆ. ಅಷ್ಟು ಆಮ್ಲದೊಂದಿಗೆ ಲೀಟರಿಗೆ 120 ಮಿಲಿಗ್ರಾಂಗೂ ಹೆಚ್ಚು ರಂಜಕ ಸೇರುತ್ತದೆ. ಸೊಪ್ಪಿಗೆ ಸಾಮಾನ್ಯವಾಗಿ 30ರಿಂದ 60 ಸಾಕು. ನೈಟ್ರಿಕ್ ಆಮ್ಲವಾದರೆ ಸಾರಜನಕವಾಗಿ ಸಲ್ಲುತ್ತದೆ, ಆದರೆ ಅದರ ಸಾಂದ್ರ ದ್ರಾವಣ ಮನೆಯಲ್ಲಿ ಇಡುವ ವಸ್ತುವಲ್ಲ. ಸಿಟ್ರಿಕ್ ಆಮ್ಲ, ವಿನೆಗರ್ ಎನ್ನುವವರ ಮಾತು ಕೇಳಬೇಡಿ: ಸೂಕ್ಷ್ಮಜೀವಿಗಳು ಅವನ್ನು ತಿಂದು ಮುಗಿಸುತ್ತವೆ, ಪಿಎಚ್ ಮತ್ತೆ ಮೇಲೆ. ನಾನೀಗ ಅರ್ಧಕ್ಕರ್ಧ ಮಳೆನೀರು ಬೆರೆಸಿಬಿಡುತ್ತೇನೆ. ಆಮ್ಲವೂ ಅರ್ಧ, ತಲೆನೋವೂ ಅರ್ಧ. ಆರ್‌ಒ ನೀರೂ (ಲವಣ ಸೋಸಿ ತೆಗೆದದ್ದು) ಆದೀತು. ಆದರೆ ಬರಿಯ ಆರ್‌ಒ ನೀರಿನ ಪಿಎಚ್ ಅಳೆದು ಗಾಬರಿಯಾಗಬೇಡಿ, ಅಯಾನುಗಳೇ ಇಲ್ಲದಲ್ಲಿ ಅಂಕಿ ಅಲೆಯುತ್ತಲೇ ಇರುತ್ತದೆ.

ಆಮ್ಲವನ್ನು ನೀರಿಗೆ ಸುರಿಯಿರಿ, ನೀರನ್ನು ಆಮ್ಲಕ್ಕಲ್ಲ. ಕನ್ನಡಕ, ಕೈಗವಸು ಧರಿಸಿ. ಬ್ಲೀಚ್ ಹಾಕಿ ತೊಳೆದ ತೊಟ್ಟಿಯನ್ನು ಪೂರ್ತಿ ಜಾಲಿಸದೆ ಆಮ್ಲ ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ. ಫಾಸ್ಫಾರಿಕ್ ಆಮ್ಲವನ್ನು ಕ್ಯಾಲ್ಸಿಯಂ ನೈಟ್ರೇಟಿನ ಸಾಂದ್ರ ದ್ರಾವಣಕ್ಕೆ ನೇರವಾಗಿ ಹಾಕುವುದೂ ಬೇಡ, ಬಿಳಿಯ ಗಸಿ ಕೂರುತ್ತದೆ.

ಇನ್ನು ನೀವು ಕಳಿಸಿದ ಫೋಟೋದಲ್ಲಿ ನಿಮ್ಮ ಮೀಟರಿನ ತುದಿ ಡಿಸ್ಟಿಲ್ಡ್ ನೀರಿನಲ್ಲಿ ಮುಳುಗಿದೆಯಲ್ಲ, ಅದನ್ನು ಇಂದೇ ಹೊರತೆಗೆಯಿರಿ. 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿಟ್ಟು, ನಾಳೆ 7.00 ಮತ್ತು 4.01 ಬಫರುಗಳಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣಗಳಲ್ಲಿ) ಸರಿಹೊಂದಿಸಿ ನೋಡಿ.