ಒಂದೇ ಹವ್ಯಾಸವಿರುವ ಗೆಳತಿಯ ಮನಸ್ಸಿನ ಸೂಚನೆಗಳು ನನಗೇಕೆ ತಿಳಿಯಲಿಲ್ಲ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಸಿಂಧನೂರಿನಲ್ಲಿರುವ ನೀವು ಮತ್ತು ನಿಮ್ಮ ಗೆಳತಿ ಎರಡು ವರ್ಷಗಳಿಂದ ಒಂದೇ ಟೆಲಿಸ್ಕೋಪಿನಲ್ಲಿ ಆಕಾಶ ನೋಡುತ್ತಿದ್ದೀರಿ. ಅಷ್ಟೂ ಕಾಲ ಅವರು ತಮ್ಮ ಮನಸ್ಸನ್ನು ಸೂಚಿಸುತ್ತಲೇ ಇದ್ದರೆಂದು ಸ್ನೇಹಿತರೊಬ್ಬರು ಈಗ ಹೇಳಿದ್ದಾರೆ. ಅದು ನಿಜವೇ, ನಿಜವಾದರೆ ನನಗೇಕೆ ಕಾಣಲಿಲ್ಲ ಎಂದು ಕೇಳಿದ್ದೀರಿ. ನನಗೂ ಕಾಣದೆ ಹೋದದ್ದೊಂದು ಇರುವುದರಿಂದ ಉತ್ತರಿಸುತ್ತಿದ್ದೇನೆ.

ನಾನು ಕೊಪ್ಪಳದವಳು. ಎಂಟು ವರ್ಷಗಳ ಹಿಂದೆ ನಾವು ನಾಲ್ವರು ಭಾನುವಾರಗಳಂದು ಶಾಸನ ಮತ್ತು ವೀರಗಲ್ಲುಗಳನ್ನು ನೋಡಲು ಹೋಗುತ್ತಿದ್ದೆವು. ಹೆಣ್ಣುಮಗಳೊಬ್ಬಳು ವಾರಕ್ಕೊಮ್ಮೆ ಗುಡ್ಡ ಹತ್ತಲು ಹೋಗುತ್ತಾಳೆ ಎಂಬುದನ್ನು ಮನೆಯಲ್ಲಿ ಒಪ್ಪಿಸುವುದೇ ಒಂದು ಕೆಲಸವಾಗಿತ್ತು. ನಾಲ್ವರಲ್ಲಿ ಇಬ್ಬರು ಹೆಂಗಸರು ಎಂಬ ಕಾರಣಕ್ಕೆ ಅವ್ವ ಒಪ್ಪಿದ್ದಳು. ಉಳಿದ ಇಬ್ಬರಲ್ಲಿ ಒಬ್ಬರು, ನಮ್ಮೂರಿನಲ್ಲೇ ಇರುವ ಅಶೋಕನ ಎರಡು ಶಾಸನಗಳನ್ನು, ಅಂದರೆ ಗವಿಮಠದ ಶಾಸನವನ್ನೂ, ಪಲ್ಲಕ್ಕಿಯಂತೆ ಬಂಡೆ ಕುಳಿತಿರುವ ಪಾಲ್ಕಿಗುಂಡಿನ ಶಾಸನವನ್ನೂ ನಮಗಿಂತ ಮೊದಲೇ ಅಕ್ಷರ ಅಕ್ಷರವಾಗಿ ಓದಿ ಮುಗಿಸಿದ್ದವರು. ಆದರೂ ನಾನು ಪಾಲ್ಕಿಗುಂಡಿಗೆ ಹೊರಟಾಗಲೆಲ್ಲ ಅವರೂ ಬರುತ್ತಿದ್ದರು. ಶಾಸನವನ್ನು ಒಂದೇ ಸಲಕ್ಕೆ ಓದಿ ಮುಗಿಸಲಾಗದು, ಅದಕ್ಕೇ ಬರುತ್ತಾರೆ ಎಂದುಕೊಂಡಿದ್ದೆ.

ಬಿಸಿಲು ಏರಿದರೆ ನನಗೆ ತಲೆಶೂಲೆ ಬರುತ್ತದೆ. ಅದನ್ನು ಯಾರಿಗೂ ವಿವರಿಸಿ ಹೇಳಿರಲಿಲ್ಲ. ಒಂದು ಬೇಸಿಗೆಯಲ್ಲಿ ಅವರು ನಮ್ಮ ಹೊರಡುವ ಹೊತ್ತನ್ನು ಒಂಬತ್ತು ಗಂಟೆಯಿಂದ ಐದೂವರೆಗೆ ತಂದರು. ಬೆಳಗಿನ ಬೆಳಕು ಬಂಡೆಯ ಮೇಲೆ ಓರೆಯಾಗಿ ಬೀಳುವುದರಿಂದ ಸವೆದ ಅಕ್ಷರಗಳ ಗೆರೆಗಳಲ್ಲಿ ನೆರಳು ನಿಂತು ಓದಲು ಅನುಕೂಲವಾಗುತ್ತದೆ ಎಂದು ಕಾರಣ ಕೊಟ್ಟರು. ಆ ಕಾರಣ ಸತ್ಯವೇ. ಸತ್ಯವಾಗಿದ್ದುದರಿಂದಲೇ ನಾನು ಇನ್ನೊಂದು ಕಾರಣವನ್ನು ಹುಡುಕಲಿಲ್ಲ. ಆದರೆ ಗಂಗಾವತಿಯ ಹತ್ತಿರದ ಹಿರೇಬೆಣಕಲ್ಲಿನ ಗುಡ್ಡದಲ್ಲಿ ಓದಲು ಒಂದು ಅಕ್ಷರವೂ ಇಲ್ಲ. ಇರುವುದು ಇತಿಹಾಸಪೂರ್ವ ಕಾಲದ ಸುಮಾರು ನಾನೂರು ಬೃಹತ್ ಶಿಲಾ ರಚನೆಗಳು ಮತ್ತು ಬಡಿದರೆ ದೂರಕ್ಕೆ ಕೇಳುವ ನಗಾರಿ ಕಲ್ಲು. ಅಲ್ಲಿಗೆ ಹೊರಟಾಗಲೂ ಅವರು ಬೆಳಗಿನ ಐದೂವರೆಯನ್ನೇ ಹೇಳಿದರು. ಅಂದಾದರೂ ನಾನು ಯೋಚಿಸಬೇಕಿತ್ತು.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲಿಯೇ ಇದೆ. ನಿಮಗೆ ಸೂಚನೆಗಳು ಕಾಣಲಿಲ್ಲ ಎಂದು ನಾನು ನಂಬುವುದಿಲ್ಲ. ಪ್ರತಿಯೊಂದೂ ಕಂಡಿತ್ತು, ಆದರೆ ಪ್ರತಿಯೊಂದಕ್ಕೂ ಹವ್ಯಾಸದಿಂದಲೇ ಒಂದು ಒಳ್ಳೆಯ ಅರ್ಥ ಸಿದ್ಧವಾಗಿ ಸಿಗುತ್ತಿತ್ತು. ಹವ್ಯಾಸವಿಲ್ಲದ ಇಬ್ಬರ ನಡುವೆ ಒಬ್ಬರು ರಾತ್ರಿ ಹತ್ತಕ್ಕೆ ಫೋನ್ ಮಾಡಿದರೆ ಯಾಕಿರಬಹುದು ಎಂದು ಮನಸ್ಸು ಕೇಳಿಕೊಳ್ಳುತ್ತದೆ, ನಿಮಗೆ ಬಂದರೆ ಶನಿಗ್ರಹ ಮೇಲೇರಿದೆ ಎನ್ನಲು ಇರಬೇಕೆಂದು ತೋರುತ್ತದೆ.

ನನಗೆ ಇವತ್ತಿಗೂ ನೋವು ಕೊಡುವುದು ಒಂದು ಕಾಗದ. ನಾವು ಅಭ್ಯಾಸಕ್ಕಾಗಿ ಕನ್ನಡದ ವಾಕ್ಯಗಳನ್ನು ಅಶೋಕನ ಶಾಸನಗಳ ಬ್ರಾಹ್ಮಿ ಲಿಪಿಯಲ್ಲಿ ಬರೆದು ಒಬ್ಬರಿಗೊಬ್ಬರು ಕೊಡುತ್ತಿದ್ದೆವು. ಒಮ್ಮೆ ಅವರು ಕೊಟ್ಟ ಸಾಲು 'ನೀವು ಬಾರದ ಭಾನುವಾರ ನನಗೆ ಭಾನುವಾರವಲ್ಲ' ಎಂದಿತ್ತು. ನಾನು ಕೆಂಪು ಪೆನ್ನು ಹಿಡಿದು 'ನೀ' ಅಕ್ಷರದ ದೀರ್ಘಕ್ಕೆ ಇನ್ನೊಂದು ಗೀಟು ಬೇಕೆಂದು ತಿದ್ದಿದೆ. ಅಶೋಕನ ಕಾಲದ ಬರಹದಲ್ಲಿ ಸಜಾತೀಯ ಒತ್ತಕ್ಷರ ಬರೆಯುವ ರೂಢಿ ಇರಲಿಲ್ಲವಾದ್ದರಿಂದ 'ಲ್ಲ' ಬದಲು ಒಂದೇ 'ಲ' ಸಾಕೆಂದು ಅಂಚಿನಲ್ಲಿ ಟಿಪ್ಪಣಿ ಬರೆದೆ. ಮರುವಾರ ಅದನ್ನು ಅವರ ಕೈಗಿತ್ತೆ. ಅವರು ಸ್ವಲ್ಪ ಹೊತ್ತು ಅದನ್ನು ನೋಡಿ, ಇದು ನಿಮ್ಮಲ್ಲೇ ಇರಲಿ ಎಂದು ಹಿಂದಿರುಗಿಸಿದರು. ಕೆಲವೇ ತಿಂಗಳಲ್ಲಿ ಅವರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಮೂರು ವರ್ಷಗಳ ಬಳಿಕ ಮನೆ ಬದಲಿಸುವಾಗ ಆ ಕಾಗದ ಸಿಕ್ಕಿತು. ಗಟ್ಟಿಯಾಗಿ ಓದಿದೆ, ಆಗ ಅರ್ಥವಾಯಿತು. ಅಷ್ಟರಲ್ಲಿ ಅವರಿಗೆ ಮದುವೆಯಾಗಿತ್ತು. ನಾನು ಫೋನ್ ಮಾಡಲಿಲ್ಲ, ಮಾಡದೆ ಇದ್ದದ್ದು ಸರಿ ಎಂದೇ ಇಂದಿಗೂ ಅನ್ನಿಸುತ್ತದೆ.

ಈಗ ನೀವು ಏನು ನೋಡಬೇಕು ಎಂಬ ಮಾತಿಗೆ ಬರುತ್ತೇನೆ. ಅದಕ್ಕೂ ಶಾಸನಗಳ ಕತೆಯನ್ನೇ ಹೇಳುತ್ತೇನೆ. 1837ರಲ್ಲಿ ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಶಾಸನಗಳನ್ನು ಓದಿದಾಗ ಅವುಗಳಲ್ಲಿ ಸಿಕ್ಕಿದ್ದು 'ದೇವಾನಂಪಿಯ ಪಿಯದಸಿ' (ದೇವರಿಗೆ ಪ್ರಿಯನಾದ ಪ್ರಿಯದರ್ಶಿ) ಎಂಬ ಬಿರುದು ಮಾತ್ರ. ಆ ಪಿಯದಸಿ ಸಿಂಹಳದ ರಾಜನಿರಬೇಕೆಂದು ಅವರು ಮೊದಲು ತಿಳಿದಿದ್ದರು. ಆತನೇ ಅಶೋಕ ಎಂದು ಗೊತ್ತಾದದ್ದು ಬಂಡೆಗಳಿಂದಲ್ಲ, ಸಿಂಹಳದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಜಾರ್ಜ್ ಟರ್ನರ್ ನೋಡಿದ ಅಲ್ಲಿನ ಪಾಲಿ ಗ್ರಂಥಗಳಿಂದ. ಬಂಡೆಯ ಮೇಲೆಯೇ 'ಅಸೋಕಸ' ಎಂಬ ಹೆಸರು ದೊರೆತದ್ದು 1915ರಲ್ಲಿ, ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅವರಿಗೆ. ನೀವೂ ಹಾಗೆಯೇ ಆಕಾಶ ನೋಡುವ ಸಂಗತಿಯಿಂದ ಹೊರಗಿರುವ ಆಧಾರವನ್ನು ಹುಡುಕಿ. ನಿಮ್ಮ ಪ್ರಶ್ನೆಯ ಕೊನೆಯಲ್ಲಿ ನೀವೇ ಅದನ್ನು ಬರೆದು, ಗಮನಿಸದೆ ಮುಂದೆ ಹೋಗಿದ್ದೀರಿ: ಮಳೆಗಾಲದಲ್ಲಿ ಮೋಡ ಕವಿದು ಒಂದು ನಕ್ಷತ್ರವೂ ಕಾಣದ ಶನಿವಾರಗಳಲ್ಲಿಯೂ ಅವರು ಬರುತ್ತಿದ್ದರು, ಚಹಾ ಕುಡಿದು ಹೋಗುತ್ತಿದ್ದರು. ಆ ಶನಿವಾರಗಳಿಗೆ ಟೆಲಿಸ್ಕೋಪ್ ಕಾರಣವಾಗಲು ಸಾಧ್ಯವಿಲ್ಲ.

ಆದರೂ ಇದು ಊಹೆಯೇ. ಅವರಿಗೆ ನಿಮ್ಮ ಸ್ನೇಹವೊಂದೇ ಬೇಕಾಗಿದ್ದಿರಬಹುದು. ಸ್ನೇಹಕ್ಕಾಗಿ ಚಹಾ ಕುಡಿಯಲು ಬರುವವರೂ ಇದ್ದಾರೆ. ಹಾಗಾಗಿ ನೀವು ಪ್ರತಿಸೂಚನೆ ಕೊಡುತ್ತಾ ಕೂರದೆ ನೇರವಾಗಿ, ಒಂದೇ ಸಲ ಕೇಳಿ. ಡಿಸೆಂಬರ್ 13-14ರ ಜೆಮಿನಿಡ್ ಉಲ್ಕಾಪಾತದ ರಾತ್ರಿಯವರೆಗೆ ಕಾಯುವ ಆಸೆ ನಿಮಗಾಗಬಹುದು, ದಯವಿಟ್ಟು ಬೇಡ. ಊರ ಹೊರಗಿನ ಕತ್ತಲಲ್ಲಿ, ನಿಮ್ಮ ಗಾಡಿಯಲ್ಲಿಯೇ ಮನೆಗೆ ಮರಳಬೇಕಾದ ಹೊತ್ತಿನಲ್ಲಿ, ಒಲ್ಲೆ ಎನ್ನುವುದು ಹೆಣ್ಣುಮಗಳಿಗೆ ಬಹಳ ಕಷ್ಟ. ಹಗಲಿನಲ್ಲಿ, ಅವರು ಬೇಕೆಂದಾಗ ಎದ್ದುಹೋಗಬಹುದಾದ ಜಾಗದಲ್ಲಿ ಕೇಳಿ, ಮತ್ತು ಅವರ ಉತ್ತರ ಏನೇ ಆಗಲಿ ಮುಂದಿನ ಶನಿವಾರ ಟೆಲಿಸ್ಕೋಪ್ ಅವರಿಗೂ ಇರುತ್ತದೆ ಎಂಬುದನ್ನು ಪ್ರಶ್ನೆ ಕೇಳುವ ಮೊದಲೇ ಹೇಳಿಬಿಡಿ.