ದುಡ್ಡು ಮಾಡಿದ ಮೇಲೆ ದಾನ ಮಾಡುವುದು: ಉದ್ಯಮಿಗಳು ಎಲ್ಲಿ ಗೆಲ್ಲುತ್ತಾರೆ, ಎಲ್ಲಿ ಎಡವುತ್ತಾರೆ?

ಕಂಪನಿ ಕಟ್ಟಿ ಗೆದ್ದವರು ತಮ್ಮ ದುಡ್ಡನ್ನು ಸಾರ್ಥಕವಾಗಿ ದಾನ ಮಾಡುವುದು ಹೇಗೆ, ಈಗಲೇ ಕೊಡಬೇಕಾ ಇಲ್ಲ ವಯಸ್ಸಾದ ಮೇಲಾ, ಹೆಸರು ಹಾಕಿಸಿಕೊಂಡರೆ ತಪ್ಪಾ ಅಂತ ಕೇಳಿದ್ದೀರಿ. ನಾನು ದಾನದ ಹಣ ಹಂಚುವ ಒಂದು ಟ್ರಸ್ಟಿನಲ್ಲಿ ಕೆಲಸ ಮಾಡುತ್ತೇನೆ. ಬಂದ ಅರ್ಜಿ ಓದುವುದು, ಹೋಗಿ ನೋಡಿಕೊಂಡು ಬರುವುದು, ವರದಿ ಬರೆಯುವುದು. ಕೊಡುವ ದುಡ್ಡು ನನ್ನದಲ್ಲ, ಹಾಗಾಗಿ ಅಭಿಪ್ರಾಯಕ್ಕೇನೂ ಕೊರತೆ ಇಲ್ಲ.

ದುಡ್ಡು ಮಾಡಿದವರು ಬಂದು ಕೂತ ಕೂಡಲೇ ಕೇಳುವುದು, "ಯಾವುದಕ್ಕೆ ಕೊಡಲಿ? ಶಾಲೆಗಾ, ಆಸ್ಪತ್ರೆಗಾ, ಪರಿಸರಕ್ಕಾ?" ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಕೊಟ್ಟ ಮೇಲೆ ಆ ದುಡ್ಡಿನ ಬಗ್ಗೆ ಮಾತಾಡುವ ಹಕ್ಕು ಯಾರ್‍ಯಾರಿಗೆ ಇರುತ್ತದೆ ಅನ್ನುವುದು ಮೊದಲನೆಯದು. ವ್ಯಾಪಾರದಲ್ಲಿ ನೀವು ಎಡವಟ್ಟು ಮಾಡಿದರೆ ಗಿರಾಕಿ ಎದ್ದು ಹೋಗುತ್ತಾನೆ, ತಿಂಗಳ ಲೆಕ್ಕದಲ್ಲೇ ಗೊತ್ತಾಗುತ್ತದೆ. ದಾನದಲ್ಲಿ ಹಾಗಲ್ಲ. ಪುಕ್ಕಟೆ ಬಂದದ್ದನ್ನು ಯಾರೂ "ಇದು ನಮಗೆ ಬೇಡ" ಅನ್ನುವುದಿಲ್ಲ. ಕೈಮುಗಿದು ತೆಗೆದುಕೊಳ್ಳುತ್ತಾರೆ, ಫೋಟೋಗೆ ನಿಲ್ಲುತ್ತಾರೆ. ಜಾಣ ಉದ್ಯಮಿಗಳು ಕೂಡ ಎಡವುವುದು ಇಲ್ಲೇ.

ಪ್ಲೇಪಂಪ್ ಕಥೆ ಕೇಳಿದ್ದೀರಾ? ಮಕ್ಕಳು ಆಡುವ ತಿರುಗು ಚಕ್ರ. ಅದು ತಿರುಗಿದಂತೆ ಕೊಳವೆಬಾವಿಯ ನೀರು ಮೇಲಿನ ಟ್ಯಾಂಕಿಗೆ ಏರುತ್ತದೆ. ಟ್ಯಾಂಕಿನ ಮೇಲೆ ಜಾಹೀರಾತು ಹಾಕಿ ರಿಪೇರಿ ಖರ್ಚು ಎತ್ತಬಹುದು. ಕೇಳೋಕೆ ಎಷ್ಟು ಚೆನ್ನಾಗಿದೆ, ಅಲ್ವಾ? ಅಮೆರಿಕದ ಎಓಎಲ್ ಕಂಪನಿಯ ಸಹಸ್ಥಾಪಕ ಸ್ಟೀವ್ ಕೇಸ್ ಮತ್ತು ಅವರ ಹೆಂಡತಿ ಜೀನ್ ಅವರ ಪ್ರತಿಷ್ಠಾನಕ್ಕೂ ಹಾಗೇ ಅನ್ನಿಸಿತು. 2006ರಲ್ಲಿ ಅಮೆರಿಕ ಸರ್ಕಾರದ ಜೊತೆ ಸೇರಿ 1.64 ಕೋಟಿ ಡಾಲರ್ ಘೋಷಿಸಿದರು. ಆಫ್ರಿಕಾದ ಹಳ್ಳಿಗಳಲ್ಲಿ 4,000 ಪಂಪು ಕೂರಿಸುವುದು ಗುರಿ. ಆದರೆ ನೀರು ಬೇಕಾಗುವುದು ಮಕ್ಕಳಿಗೆ ಆಡುವ ಮನಸ್ಸಿದ್ದಾಗ ಮಾತ್ರ ಅಲ್ಲವಲ್ಲ. ಬೆಳಗಿನ ಜಾವ, ಮಕ್ಕಳು ಶಾಲೆಯಲ್ಲಿರುವಾಗ, ವಯಸ್ಸಾದ ಹೆಂಗಸರು ಆ ಆಟದ ಚಕ್ರವನ್ನು ಬಗ್ಗಿ ತಳ್ಳಬೇಕಾಯಿತು. ಕೆಲವು ಕಡೆ ಅದಕ್ಕೋಸ್ಕರ ಹಳೆಯ ಕೈಪಂಪನ್ನು ಕಿತ್ತು ಹಾಕಿದ್ದರು. ಹೇಳಿದಷ್ಟು ಜನಕ್ಕೆ ನೀರು ಸಿಗಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕು ಅಂತ 2009ರಲ್ಲಿ ಗಾರ್ಡಿಯನ್ ಪತ್ರಿಕೆ ಲೆಕ್ಕ ಹಾಕಿ ತೋರಿಸಿತು. ಮಾರನೇ ವರ್ಷ ಜೀನ್ ಕೇಸ್ ಇದು ನಾವು ಅಂದುಕೊಂಡಂತೆ ಆಗಲಿಲ್ಲ ಅಂತ ಬಹಿರಂಗವಾಗಿ ಬರೆದರು. ಆ ಒಂದು ವಿಷಯಕ್ಕೆ ಅವರನ್ನು ಮೆಚ್ಚಬೇಕು. ದಾನಿಗಳು ಹೀಗೆ ಬರೆಯುವುದು ಅಪರೂಪ.

ಮಾರ್ಕ್ ಜುಕರ್‌ಬರ್ಗ್ 2010ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ನ್ಯೂಆರ್ಕ್ ಊರಿನ ಶಾಲೆಗಳಿಗೆ 10 ಕೋಟಿ ಡಾಲರ್ ಕೊಟ್ಟಿದ್ದೂ ಇಂಥದ್ದೇ. ಘೋಷಣೆ ಆಗಿದ್ದು ಟಿವಿ ಕಾರ್ಯಕ್ರಮದಲ್ಲಿ. ಅಲ್ಲಿನ ಅಪ್ಪ ಅಮ್ಮಂದಿರಿಗೂ ವಿಷಯ ತಿಳಿದದ್ದು ಟಿವಿಯಿಂದಲೇ. ಸಲಹೆಗಾರರ ಕಂಪನಿಗಳಿಗೇ 2 ಕೋಟಿ ಡಾಲರ್‌ಗೂ ಜಾಸ್ತಿ ಹೋಯಿತು. ಪೂರ್ತಿ ನೀರಿಗೆ ಹಾಕಿದ ಹಾಗೆ ಅನ್ನಲಾರೆ, ನಂತರದ ಅಧ್ಯಯನದಲ್ಲಿ ಇಂಗ್ಲಿಷ್ ಕಲಿಕೆ ಒಂದಿಷ್ಟು ಸುಧಾರಿಸಿದ್ದು ಕಂಡಿತು. ಆದರೆ ಊರಿನವರ ಸಿಟ್ಟು ಮಾತ್ರ ಹಾಗೇ ಉಳಿಯಿತು.

ಈಗ ನನಗೆ ತುಂಬಾ ಇಷ್ಟವಾದ ಉದಾಹರಣೆಗೆ ಬರುತ್ತೇನೆ. ಜೂಲಿಯಸ್ ರೋಸೆನ್‌ವಾಲ್ಡ್. ಬಟ್ಟೆ ವ್ಯಾಪಾರದಿಂದ ಶುರು ಮಾಡಿ, ಅಂಚೆಯಲ್ಲಿ ಸಾಮಾನು ಮಾರುತ್ತಿದ್ದ ಅಮೆರಿಕದ ಸಿಯರ್ಸ್ ಕಂಪನಿಯ ಅಧ್ಯಕ್ಷರಾಗಿ ಬೆಳೆದವರು. 1912ರಲ್ಲಿ, ತಮಗೆ ಐವತ್ತು ತುಂಬಿದಾಗ, ಕರಿಯರ ಶಿಕ್ಷಣಕ್ಕೆ ದುಡಿಯುತ್ತಿದ್ದ ಬುಕರ್ ಟಿ. ವಾಷಿಂಗ್ಟನ್ ಅವರ ಟಸ್ಕೆಗೀ ಸಂಸ್ಥೆಗೆ 25,000 ಡಾಲರ್ ಕೊಟ್ಟರು. ಅದರಲ್ಲಿ ಒಂದಿಷ್ಟು ಉಳಿಯಿತು. ಅದನ್ನು ಬಳಸಿ ಹಳ್ಳಿಯ ಕರಿಯ ಮಕ್ಕಳಿಗೆ ಆರು ಪುಟ್ಟ ಶಾಲೆ ಕಟ್ಟೋಣವಾ ಅಂತ ವಾಷಿಂಗ್ಟನ್ ಕೇಳಿದರು. ರೋಸೆನ್‌ವಾಲ್ಡ್ ಹೂಂ ಅಂದರು. ಗಮನಿಸಿ, ಯೋಜನೆ ದಾನಿಯ ತಲೆಯಿಂದ ಬಂದದ್ದಲ್ಲ. ಅಲ್ಲೇ ಇದ್ದು ಕೆಲಸ ಮಾಡುತ್ತಿದ್ದವರಿಂದ ಬಂತು. ದೊಡ್ಡದಾಗಿ ಘೋಷಣೆಯೂ ಇಲ್ಲ. ಮೊದಲು ಆರು ಶಾಲೆ, ನೋಡಿಕೊಂಡು ಮುಂದಿನದು.

1932ರ ಹೊತ್ತಿಗೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಸುಮಾರು 5,000 ಶಾಲೆ ಎದ್ದಿದ್ದವು. ಷರತ್ತು ಎರಡು. ಊರಿನವರು ತಮ್ಮ ಪಾಲು ಹಾಕಬೇಕು. ದುಡ್ಡು, ಮರ, ಜಮೀನು, ಮೈಮುರಿದು ದುಡಿಮೆ, ಯಾವುದಾದರೂ ಸರಿ. ಎರಡನೆಯದು, ಸ್ಥಳೀಯ ಆಡಳಿತವೂ ಹಣ ಹಾಕಿ, ಶಾಲೆಯನ್ನು ಸಾರ್ವಜನಿಕ ಶಾಲೆ ಅಂತ ತನ್ನ ಸುಪರ್ದಿಗೆ ತೆಗೆದುಕೊಂಡು ನಡೆಸಬೇಕು. ಕೊನೆಗೆ ಲೆಕ್ಕ ನೋಡಿದರೆ ಬಡ ಕರಿಯ ಕುಟುಂಬಗಳು ಸೇರಿಸಿದ ಹಣ ಸುಮಾರು 47 ಲಕ್ಷ ಡಾಲರ್. ರೋಸೆನ್‌ವಾಲ್ಡ್ ಕೊಟ್ಟದ್ದು ಅದಕ್ಕಿಂತ ಸ್ವಲ್ಪ ಕಡಿಮೆಯೇ! ಕಟ್ಟಡದ ನಕ್ಷೆಯಲ್ಲೂ ತಲೆ ಓಡಿಸಿದ್ದರು. ಕರೆಂಟ್ ಇಲ್ಲದ ಹಳ್ಳಿಗಳು ಅವು. ಅದಕ್ಕೆ ಪೂರ್ವ ಪಶ್ಚಿಮದ ಬೆಳಕು ಒಳಗೆ ಬರುವ ಹಾಗೆ ದೊಡ್ಡ ದೊಡ್ಡ ಕಿಟಕಿಗಳನ್ನು ಸಾಲಾಗಿ ಇಡಿಸಿದರು. ಈ ಶಾಲೆಗಳಿಂದ ಕರಿಯ ಮತ್ತು ಬಿಳಿಯ ಮಕ್ಕಳ ಓದಿನ ಅಂತರ ಎಷ್ಟೋ ತಗ್ಗಿತು ಅಂತ 2011ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಅಧ್ಯಯನವೂ ಹೇಳುತ್ತದೆ.

ಇದರಲ್ಲೂ ಕಹಿ ಇದೆ, ಮುಚ್ಚಿಡುವುದಿಲ್ಲ. ಆ ಜನ ತೆರಿಗೆಯನ್ನೂ ಕಟ್ಟುತ್ತಿದ್ದರು. ಆ ತೆರಿಗೆಯಲ್ಲಿ ಅವರ ಮಕ್ಕಳಿಗೆ ಬರಬೇಕಾದ ಶಾಲೆ ಬಿಳಿಯರ ಪಾಲಾಗುತ್ತಿತ್ತು. ಅಂಥವರ ಹತ್ತಿರ ಮತ್ತೆ ಪಾಲು ಕೇಳಿದ್ದು ನ್ಯಾಯವಾ ಅನ್ನುವ ತಕರಾರು ಸರಿಯಾಗಿಯೇ ಇದೆ. ಹಾಗಾಗಿ ನಿಮ್ಮ ದಾನ ಪಡೆಯುವವರೂ ದುಡ್ಡು ಹಾಕಲೇಬೇಕು ಅಂತ ನಾನು ಹೇಳುವುದಿಲ್ಲ. ಅವರ ಮಾತಿಗೆ ತೂಕ ಇರಬೇಕು, ಅಷ್ಟೆ. "ಬೇಡ" ಅನ್ನುವ ಧೈರ್ಯ ಅವರಿಗೆ ಇರಬೇಕು.

ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಅವರ ವಿಷಯವೂ ಸ್ವಲ್ಪ ಹೀಗೇ. 2,500ಕ್ಕೂ ಜಾಸ್ತಿ ಗ್ರಂಥಾಲಯ ಕಟ್ಟಿಸಿದರು. ಊರು ಜಾಗ ಕೊಡಬೇಕು, ಕಟ್ಟಡಕ್ಕೆ ಕೊಟ್ಟ ಹಣದ ಶೇ. 10ರಷ್ಟನ್ನು ಪ್ರತಿ ವರ್ಷ ನಿರ್ವಹಣೆಗೆ ಎತ್ತಿಡಬೇಕು ಅನ್ನುವುದು ಷರತ್ತು. ಅದಕ್ಕೇ ಆ ಗ್ರಂಥಾಲಯಗಳಲ್ಲಿ ಎಷ್ಟೋ ಇವತ್ತಿಗೂ ನಡೆಯುತ್ತಿವೆ. ಆದರೆ 1892ರಲ್ಲಿ ಅವರದೇ ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯ ಮುಷ್ಕರದಲ್ಲಿ ಕಾರ್ಮಿಕರು ಸತ್ತರು. ಆ ರಕ್ತ ಅಂಟಿದ ದುಡ್ಡು ನಮಗೆ ಬೇಡ ಅಂತ ಗ್ರಂಥಾಲಯಕ್ಕೆ ವಿರೋಧ ಮಾಡಿದ ಕಾರ್ಮಿಕ ಸಂಘಗಳಿದ್ದವು. ನಿಮ್ಮ ಕಂಪನಿಯಲ್ಲಿ ಸಂಬಳ ಬಾಕಿ, ಪಿಎಫ್ ಬಾಕಿ ಏನಾದರೂ ಇದ್ದರೆ ಮೊದಲು ಅದನ್ನು ಚುಕ್ತಾ ಮಾಡಿ. ದಾನ ಆಮೇಲೆ ನೋಡೋಣ.

ಇನ್ನು ಕೊಡುವ ರೀತಿ. ಹೊಸ ದಾನಿಗಳು ಸಾಮಾನ್ಯವಾಗಿ ಮೂವತ್ತು ಕಡೆ ಚೂರು ಚೂರು ಕೊಡುತ್ತಾರೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ಎಲ್ಲಿ ಹೋಯಿತೋ ಗೊತ್ತಾಗುವುದಿಲ್ಲ. ಅದರ ಮೇಲೆ ಆಡಳಿತ ಖರ್ಚಿಗೆ ಒಂದು ಪೈಸೆಯೂ ಬಳಸಬಾರದು ಅನ್ನುವ ಷರತ್ತು ಬೇರೆ. ಒಂದು ಸಣ್ಣ ಸಂಸ್ಥೆಯಲ್ಲಿ ಲೆಕ್ಕ ನೋಡಿಕೊಳ್ಳುವ ಹೆಣ್ಣುಮಗಳ ಪಕ್ಕ ಕೂತು ನೋಡಿದ್ದೇನೆ. ಒಬ್ಬೊಬ್ಬ ದಾನಿಗೂ ಒಂದೊಂದು ಎಕ್ಸೆಲ್ ಫೈಲು. ಒಬ್ಬರಿಗೆ ಫಲಾನುಭವಿಗಳ ಸಂಖ್ಯೆ ತಿಂಗಳವಾರು ಬೇಕು, ಇನ್ನೊಬ್ಬರಿಗೆ ಬಿಲ್ಲು ವೋಚರು ಸಮೇತ ಬೇಕು, ಮತ್ತೊಬ್ಬರಿಗೆ ಬ್ಯಾನರ್ ಕಾಣುವ ಫೋಟೋ ಬೇಕು. ಅವಳ ಸಂಬಳ ಕೊಡೋಕೆ ಮಾತ್ರ ಯಾರೂ ತಯಾರಿಲ್ಲ, ಯಾಕೆಂದರೆ ಅದು ಆಡಳಿತ ಖರ್ಚು! ಅಮೆಜಾನ್ ಸ್ಥಾಪಕ ಜೆಫ್ ಬೆಜೋಸ್ ಅವರ ಮಾಜಿ ಹೆಂಡತಿ ಮೆಕೆಂಜಿ ಸ್ಕಾಟ್ ಇದನ್ನು ತಲೆಕೆಳಗು ಮಾಡಿದರು. ಅಮೆಜಾನ್ ಷೇರಿನಿಂದ ಬಂದ ಸಂಪತ್ತಿನಲ್ಲಿ 2024ರ ಕೊನೆಯ ಹೊತ್ತಿಗೆ 1,900 ಕೋಟಿ ಡಾಲರ್‌ಗೂ ಜಾಸ್ತಿ ಕೊಟ್ಟಿದ್ದರು. ಸಂಸ್ಥೆಯ ಹಿನ್ನೆಲೆಯನ್ನು ಮೊದಲೇ ಚೆನ್ನಾಗಿ ವಿಚಾರಿಸಿಕೊಳ್ಳುವುದು, ಆಮೇಲೆ ದೊಡ್ಡ ಮೊತ್ತ ಕೊಟ್ಟು ಯಾವುದಕ್ಕೆ ಬೇಕಾದರೂ ಬಳಸಿ ಅನ್ನುವುದು. ನಿಮಗೆ ನನ್ನ ಸಲಹೆ ಇದೇ: ಮೂರು ನಾಲ್ಕು ಸಂಸ್ಥೆ ಸಾಕು, ಒಂದು ವರ್ಷಕ್ಕಲ್ಲ, ಐದು ವರ್ಷಕ್ಕೆ ಮಾತು ಕೊಡಿ.

ದುಡ್ಡೇ ಕೊಡಬೇಕು ಅಂತಲೂ ಇಲ್ಲ, ಷೇರು ಕೊಡಬಹುದು. ಅಜೀಂ ಪ್ರೇಮ್‌ಜಿ 2019ರ ಹೊತ್ತಿಗೆ ವಿಪ್ರೋದ ಶೇ. 67ರಷ್ಟು ಷೇರಿನ ಆದಾಯವನ್ನು ತಮ್ಮ ಪ್ರತಿಷ್ಠಾನದ ಕೆಲಸಕ್ಕೆ ಬರೆದುಕೊಟ್ಟಿದ್ದರು. ಪ್ಯಾಟಗೋನಿಯಾ ಬಟ್ಟೆ ಕಂಪನಿಯ ಇವಾನ್ ಶುನಾರ್ಡ್ 2022ರಲ್ಲಿ ಇಡೀ ಕಂಪನಿಯನ್ನೇ ಟ್ರಸ್ಟ್ ಮತ್ತು ಪರಿಸರ ಸಂಸ್ಥೆಯ ಹೆಸರಿಗೆ ಮಾಡಿದರು. ಕಂಪನಿ ಮಾರುವ ಯೋಚನೆ ನಿಮಗಿದ್ದರೆ ಮಾರುವ ಮೊದಲೇ ಆಡಿಟರ್ ಹತ್ತಿರ ಕೂತು ಮಾತಾಡಿ. ತೆರಿಗೆ ನಿಯಮ ಒಂದೊಂದು ದೇಶಕ್ಕೆ ಒಂದೊಂದು ಥರ, ಮಾರಿದ ಮೇಲೆ ಕೆಲವು ದಾರಿ ಮುಚ್ಚಿಹೋಗಬಹುದು.

ಯಾವಾಗ ಅಂದರೆ, ಈಗಲೇ. ಡ್ಯೂಟಿ ಫ್ರೀ ಮಳಿಗೆಗಳಿಂದ ಶ್ರೀಮಂತರಾದ ಚಕ್ ಫೀನಿ 1984ರಲ್ಲೇ ಕಂಪನಿಯ ತಮ್ಮ ಪಾಲನ್ನು ಪ್ರತಿಷ್ಠಾನಕ್ಕೆ ಬರೆದುಬಿಟ್ಟಿದ್ದರು. ಬಲಗೈ ಕೊಟ್ಟಿದ್ದು ಎಡಗೈಗೆ ಗೊತ್ತಾಗದ ಹಾಗೆ. ಜಗತ್ತಿಗೆ ಗೊತ್ತಾಗಿದ್ದು 1997ರಲ್ಲಿ. 800 ಕೋಟಿ ಡಾಲರ್ ಖರ್ಚು ಮಾಡಿ 2020ರಲ್ಲಿ ಪ್ರತಿಷ್ಠಾನಕ್ಕೇ ಬೀಗ ಹಾಕಿದರು. ಆಗಿನ್ನೂ ಅವರು ಬದುಕಿದ್ದರು, ಬಾಡಿಗೆ ಮನೆಯಲ್ಲಿ. ಬದುಕಿದ್ದಾಗ ಕೊಟ್ಟರೆ ತಪ್ಪಾದಾಗ ತಿದ್ದಬಹುದು. ಬಿಲ್ ಗೇಟ್ಸ್ ಪ್ರತಿಷ್ಠಾನ ಸಣ್ಣ ಹೈಸ್ಕೂಲುಗಳಿಗೆ ಸುಮಾರು 200 ಕೋಟಿ ಡಾಲರ್ ಸುರಿದು, ಎಷ್ಟೋ ಕಡೆ ಕಲಿಕೆ ಸುಧಾರಿಸಲಿಲ್ಲ ಅಂತ ಒಪ್ಪಿಕೊಂಡು ದಾರಿ ಬದಲಿಸಿತು. ಉಯಿಲಿನಲ್ಲಿ ಬರೆದಿಟ್ಟು ಹೋದ ದಾನಿ ಎದ್ದು ಬಂದು ಹೀಗೆ ಬದಲಿಸೋಕೆ ಆಗುತ್ತಾ?

ಹೆಸರಿನ ವಿಷಯ. ಫೀನಿ ಕೊಟ್ಟ ಹಣದಲ್ಲಿ ಐದು ಖಂಡಗಳಲ್ಲಿ ಕಟ್ಟಡ ಎದ್ದರೂ ಒಂದರ ಮೇಲೂ ಅವರ ಹೆಸರಿಲ್ಲ. ನಾನು ಅಷ್ಟು ಕಟ್ಟುನಿಟ್ಟು ಅಲ್ಲ. ಹೆಸರು ನೋಡಿ ಇನ್ನೊಬ್ಬರೂ ಜೇಬಿಗೆ ಕೈ ಹಾಕುವುದಾದರೆ ಹಾಕಿಸಿಕೊಳ್ಳಿ. ಆದರೆ ಶಾಶ್ವತವಾಗಿ ಬೇಡ. ಹೈಫೈ ಉಪಕರಣ ತಯಾರಿಸಿ ಗೆದ್ದ ಏವರಿ ಫಿಶರ್ 1973ರಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನ ಸಂಗೀತ ಸಭಾಂಗಣಕ್ಕೆ 1.05 ಕೋಟಿ ಡಾಲರ್ ಕೊಟ್ಟರು, ಹೆಸರು ಬಂತು. ನಾಲ್ಕು ದಶಕದ ನಂತರ ಸಭಾಂಗಣದ ದುರಸ್ತಿಗೆ ಹೊಸ ದಾನಿ ಬೇಕಾಯಿತು, ಹೊಸ ದಾನಿಗೆ ಹೆಸರಿನ ಜಾಗ ಬೇಕಿತ್ತು. ಹಳೇ ಹೆಸರು ತೆಗೆಯಲು ಒಪ್ಪಿಸೋಕೆ ಸಂಸ್ಥೆ ಫಿಶರ್ ಕುಟುಂಬಕ್ಕೆ 1.5 ಕೋಟಿ ಡಾಲರ್ ಕೊಡಬೇಕಾಯಿತು. ಅಂದರೆ ದಾನಕ್ಕಿಂತ ಜಾಸ್ತಿ! ನಿಮ್ಮ ಒಪ್ಪಂದದಲ್ಲಿ ಹೆಸರಿಗೆ ಇಪ್ಪತ್ತೋ ಇಪ್ಪತ್ತೈದೋ ವರ್ಷ ಅಂತ ಗಡುವು ಬರೆಸಿಬಿಡಿ.