ಕೂಲಿ ಹೆಚ್ಚಿಸಿದರೆ ಕಾರ್ಖಾನೆ ಮುಚ್ಚುತ್ತದೆಯೇ?

ಬಂಡವಾಳಶಾಹಿಯನ್ನು ತಿದ್ದಲು ಸಾಧ್ಯವೇ, ನ್ಯಾಯವಾದ ವೇತನ ಕೊಡಿ ಎಂದು ಪಟ್ಟು ಹಿಡಿದರೆ ಕಾರ್ಖಾನೆಗಳು ಬಾಗಿಲು ಹಾಕುವುದಿಲ್ಲವೇ ಎಂದು ಕೇಳಿದ್ದೀರಿ. ತಿದ್ದಬಹುದು ಎನ್ನುವುದೇ ನನ್ನ ಉತ್ತರ. ಆದರೆ ಮಾಲೀಕರ ಮನಸ್ಸು ಕರಗಿ ಅದು ಆಗುವುದಿಲ್ಲ. ಬೆಂಗಳೂರಿನ ಒಂದು ಸಿದ್ಧ ಉಡುಪು ಕಾರ್ಖಾನೆಯ ವೇತನ ವಿಭಾಗದಲ್ಲಿ ಕೆಲಸ ಮಾಡಿದವನು ನಾನು. ಹಾಗಾಗಿ ನನಗೆ ಗೊತ್ತಿರುವ ಲೆಕ್ಕದಿಂದಲೇ ಹೇಳುತ್ತೇನೆ.

ಪ್ರತಿ ವರ್ಷ ಏಪ್ರಿಲ್ 1ಕ್ಕೆ ಬೆಲೆ ಸೂಚ್ಯಂಕವನ್ನು ನೋಡಿ ಕಾರ್ಮಿಕರ ತುಟ್ಟಿಭತ್ಯೆ ಏರಿಸಬೇಕು. ಅದು ಬಡ್ತಿಯೂ ಅಲ್ಲ, ಬಹುಮಾನವೂ ಅಲ್ಲ. ಅಕ್ಕಿ, ಬೇಳೆ, ಬಾಡಿಗೆ ಏರಿದ್ದಕ್ಕೆ ಕೊಡುವ ಪರಿಹಾರ ಮಾತ್ರ. 2020ರಲ್ಲಿ ಆ ಏರಿಕೆ ತಿಂಗಳಿಗೆ 417 ರೂಪಾಯಿ 60 ಪೈಸೆ, ದಿನಕ್ಕೆ ಸುಮಾರು 16 ರೂಪಾಯಿ. ಕೋವಿಡ್ ಕಾರಣ ಕೊಟ್ಟು ರಾಜ್ಯ ಸರ್ಕಾರ ಅದನ್ನು ಒಂದು ವರ್ಷ ಮುಂದೂಡಿತು. ಬಾಕಿ ಸಮೇತ ಕೊಡಲೇಬೇಕೆಂದು ಹೈಕೋರ್ಟ್ ಹೇಳಿದ ಮೇಲೂ ಬಹುತೇಕ ಕಾರ್ಖಾನೆಗಳು ಕೊಡಲಿಲ್ಲ. 16 ರೂಪಾಯಿ ಏನು ಮಹಾ ಎನ್ನಿಸಬಹುದು. ಒಬ್ಬ ಟೈಲರ್‌ಗೆ ವರ್ಷಕ್ಕೆ 5,011 ರೂಪಾಯಿ. ಸಾವಿರ ಕೆಲಸಗಾರರಿರುವ ಒಂದು ಕಾರ್ಖಾನೆಗೆ 50 ಲಕ್ಷ. ರಾಜ್ಯದ ಸುಮಾರು ನಾಲ್ಕು ಲಕ್ಷ ಗಾರ್ಮೆಂಟ್ ಕಾರ್ಮಿಕರ ಲೆಕ್ಕ ಹಿಡಿದರೆ 200 ಕೋಟಿ. ಸಂಪತ್ತಿನ ಅಂತರ ಹೇಗೆ ಹುಟ್ಟುತ್ತದೆ ಎಂದು ಕೇಳುವವರಿಗೆ ನಾನು ತೋರಿಸುವುದು ಇದನ್ನೇ. ಸೇರಬೇಕಾದವರ ಕೈ ಸೇರದೆ ಉಳಿದ ಹಣ ಎಲ್ಲಿಯೂ ಕರಗಿಹೋಗುವುದಿಲ್ಲ, ಇನ್ನೊಬ್ಬರ ಖಾತೆಯಲ್ಲಿ ಕೂರುತ್ತದೆ.

ಆ ಬಾಕಿ ಕೊನೆಗೆ ಹೊರಬಂದದ್ದು ಹೇಗೆ? ಕಾರ್ಮಿಕ ಸಂಘಗಳು ಬಿಡದೆ ಹಿಡಿದಿದ್ದವು. ಅಮೆರಿಕದ ವರ್ಕರ್ ರೈಟ್ಸ್ ಕನ್ಸಾರ್ಟಿಯಂ ಎಂಬ ನಿಗಾ ಸಂಸ್ಥೆ ವಿಷಯವನ್ನು ಜಗತ್ತಿನ ಮುಂದಿಟ್ಟಿತು. ಬಟ್ಟೆ ಕೊಳ್ಳುವ ದೊಡ್ಡ ಬ್ರ್ಯಾಂಡ್‌ಗಳಿಗೆ ಮುಜುಗರವಾಯಿತು. ಆಮೇಲೆಯೇ ದೊಡ್ಡ ಕಾರ್ಖಾನೆಗಳು ಹಣ ಬಿಡುಗಡೆ ಮಾಡಿದ್ದು. ಕಾನೂನು ಮೊದಲಿನಿಂದಲೂ ಇತ್ತು. ಅದಕ್ಕೆ ಬೆನ್ನು ಕೊಡುವ ಬಲ ಇರಲಿಲ್ಲ. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ಹಿಂಪಡೆಯಲು ಕೇಂದ್ರ ತಂದ ಹೊಸ ನಿರ್ಬಂಧದ ವಿರುದ್ಧ ಗಾರ್ಮೆಂಟ್ ಕಾರ್ಖಾನೆಗಳ ಹೆಣ್ಣುಮಕ್ಕಳು ಬೆಂಗಳೂರಿನ ಹೊಸೂರು ರಸ್ತೆಗೆ ಇಳಿದಾಗ, ಎರಡನೆಯ ದಿನವೇ ಆದೇಶ ವಾಪಸಾಯಿತು.

ಇನ್ನು ಕಾರ್ಖಾನೆ ಮುಚ್ಚುವ ಮಾತು. ಕನಿಷ್ಠ ವೇತನವನ್ನೂ ಕೊಡಲಾಗದ ಉದ್ಯಮಕ್ಕೆ ಅಸ್ತಿತ್ವದಲ್ಲಿರುವ ಹಕ್ಕೇ ಇಲ್ಲ ಎಂದು ಸುಪ್ರೀಂ ಕೋರ್ಟ್ 1950ರ ದಶಕದಲ್ಲಿಯೇ ಹೇಳಿದೆ. ನನಗೆ ಅದು ಪೂರ್ತಿ ಒಪ್ಪಿಗೆ. ಕನಿಷ್ಠ ಎಂದರೆ ಎಷ್ಟು ಎಂಬುದಕ್ಕೂ ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಒಟ್ಟಿಗೆ ಕೂರುವ ಭಾರತೀಯ ಕಾರ್ಮಿಕ ಸಮ್ಮೇಳನ 1957ರಲ್ಲಿ ಅಳತೆ ಕೊಟ್ಟಿದೆ: ಒಬ್ಬರ ದುಡಿಮೆಯಲ್ಲಿ ಮೂರು ಘಟಕಗಳ ಊಟ (ದುಡಿಯುವ ಗಂಡಸೊಬ್ಬನ ಊಟ ಒಂದು ಘಟಕ), ಘಟಕಕ್ಕೆ ದಿನಕ್ಕೆ 2,700 ಕ್ಯಾಲೊರಿ, ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇವುಗಳ ಜೊತೆಗೆ ಇಂಧನ, ದೀಪ ಮತ್ತಿತರ ಖರ್ಚಿಗೆ ಒಟ್ಟು ಕನಿಷ್ಠ ವೇತನದ ಶೇಕಡ 20. ಮಕ್ಕಳ ಓದು, ಔಷಧ, ಮುಪ್ಪಿನ ಕಾಲಕ್ಕೆಂದು ಶೇಕಡ 25ನ್ನು ಸುಪ್ರೀಂ ಕೋರ್ಟ್ 1991ರಲ್ಲಿ ಸೇರಿಸಿತು. ಆದರೆ ಈ ಲೆಕ್ಕದಲ್ಲಿ ದುಡಿಯುವವನು ಗಂಡಸು. ಅವನದು ಒಂದು ಘಟಕ, ಹೆಂಡತಿಯದು 0.8, ಇಬ್ಬರು ಮಕ್ಕಳದು ತಲಾ 0.6ರಂತೆ. ಪೀಣ್ಯದ, ಬೊಮ್ಮನಹಳ್ಳಿಯ, ಮದ್ದೂರಿನ ಕಾರ್ಖಾನೆಗಳಲ್ಲಿ ಮನೆ ನಡೆಸುತ್ತಿರುವವಳು ಹೆಣ್ಣು. ಅವಳ ಸಂಬಳವನ್ನು ಗಂಡನ ಸಂಬಳದ ಮೇಲಿನ ಪುಡಿಗಾಸು ಎಂದು ನೋಡುವ ರೂಢಿ ಇನ್ನೂ ಹೋಗಿಲ್ಲ. ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸುತ್ತದೆ.

ಮಾಲೀಕರ ಒಂದು ಮಾತು ಮಾತ್ರ ನಿಜ. ಹೊರದೇಶದ ಖರೀದಿದಾರರು ಬೆಲೆ ಏರಿಸಲು ಒಪ್ಪುವುದಿಲ್ಲ, ಬಾಂಗ್ಲಾದೇಶವನ್ನು ತೋರಿಸಿ ಹೆದರಿಸುತ್ತಾರೆ. ಹಾಗಿದ್ದರೆ ತಿದ್ದುಪಡಿ ಅಲ್ಲಿಗೂ ಮುಟ್ಟಬೇಕು: ವೇತನ ಏರಿದಷ್ಟು ಖರೀದಿ ದರವೂ ತಾನಾಗಿ ಏರುವ ಷರತ್ತು ಒಪ್ಪಂದದಲ್ಲಿರಬೇಕು.

ಬಂಡವಾಳಶಾಹಿಯನ್ನೇ ತಿದ್ದಬಹುದೇ ಎಂಬ ನಿಮ್ಮ ಪ್ರಶ್ನೆಗೆ ವೇತನ ಒಂದೇ ಸಾಲದು, ಆಸ್ತಿಯ ಹಂಚಿಕೆಯನ್ನೂ ನೋಡಬೇಕು. ಜಗತ್ತಿನ ಆರ್ಥಿಕ ಅಸಮಾನತೆಯನ್ನು ಅಧ್ಯಯನ ಮಾಡುವ ವರ್ಲ್ಡ್ ಇನ್‌ಇಕ್ವಾಲಿಟಿ ಲ್ಯಾಬ್‌ನ ಅಂದಾಜಿನಂತೆ 2022–23ರಲ್ಲಿ ದೇಶದ ಸಂಪತ್ತಿನ ಶೇಕಡ 40.1 ಭಾಗ ಮೇಲಿನ ಶೇಕಡ 1 ಜನರಲ್ಲಿತ್ತು. ನಾವೋ 1985ರಲ್ಲಿ ಎಸ್ಟೇಟ್ ಸುಂಕವನ್ನು (ಸತ್ತವರು ಬಿಟ್ಟುಹೋದ ಆಸ್ತಿಯ ಮೇಲಿನ ತೆರಿಗೆ), 2015ರ ಬಜೆಟ್‌ನಲ್ಲಿ ಸಂಪತ್ತಿನ ತೆರಿಗೆಯನ್ನು ಕೈಬಿಟ್ಟೆವು. ಆಸ್ತಿಗೆ ಕೈ ಹಾಕುವುದು ಅಸಾಧ್ಯ ಎನ್ನುವವರು ನಮ್ಮ ರಾಜ್ಯದ ಚರಿತ್ರೆಯನ್ನೇ ನೋಡಲಿ. 1951ರಲ್ಲಿ ಶಿವಮೊಗ್ಗ ಜಿಲ್ಲೆಯ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಹೂಡಿದರು. 1974ರಲ್ಲಿ ದೇವರಾಜ ಅರಸು ಸರ್ಕಾರ ಭೂಸುಧಾರಣಾ ಕಾಯ್ದೆಗೆ ಹಲ್ಲು ಕೊಟ್ಟಿತು, ಭೂ ನ್ಯಾಯಮಂಡಳಿಗಳು ಉಳುವವರ ಹೆಸರಿಗೆ ಜಮೀನು ಬರೆದವು. ಕೂಲಿಕಾರರಿಗೆ, ಅವರಲ್ಲೂ ಹೆಚ್ಚಾಗಿ ದಲಿತರಿಗೆ, ಅದರಲ್ಲಿ ಸಿಕ್ಕಿದ್ದು ಕಡಿಮೆ. ಆ ಕೊರತೆಯನ್ನು ಮರೆಯಬಾರದು. ಆದರೂ ಒಡೆತನವನ್ನು ಕಾನೂನಿನಿಂದ ಬದಲಿಸಬಹುದೆಂದು ಇಲ್ಲಿಯೇ ಸಾಬೀತಾಗಿದೆ, ಅದೂ ಬೀದಿಯ ಹೋರಾಟ ಮತ್ತು ವಿಧಾನಸೌಧ ಎರಡೂ ಸೇರಿದಾಗ. ಗಾರ್ಮೆಂಟ್ ಕಾರ್ಮಿಕರಲ್ಲಿ ಸಂಘ ಸೇರಿದವರು ಇಂದಿಗೂ ಬಹಳ ಕಡಿಮೆ. ನೀವು ಏನಾದರೂ ಮಾಡಬೇಕೆಂದಿದ್ದರೆ ಅಲ್ಲಿಂದಲೇ ಶುರು ಮಾಡಿ ಎನ್ನುತ್ತೇನೆ.